ಆಯಿಲ್ ಫಿಲ್ಟರ್ ಪ್ರತಿ ಸಲವೂ ಬದಲಿಸಲೇಬೇಕಾ? ಯಾವುದು ಹಾಕೋದು?

ಕೇಳಿದವರು: ನನ್ನದು ಚಿಕ್ಕ ಪೆಟ್ರೋಲ್ ಕಾರು. ಈ ಸಲ ಆಯಿಲ್ ನಾನೇ ಬದಲಿಸೋಣ ಅಂತಿದ್ದೀನಿ. ಫಿಲ್ಟರ್ ಒಂದು ಸಲ ಬಿಟ್ಟು ಒಂದು ಸಲ ಬದಲಿಸಿದರೆ ಸಾಕು ಅಂತ ಕೆಲವರು, ಕಾರು ಕಂಪನಿಯದ್ದೇ ಬೇಕು ಅಂತ ಇನ್ನು ಕೆಲವರು. ಇನ್ನೊಂದು, ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬಂದು ನಿಂತುಹೋಗತ್ತೆ. ಅದಕ್ಕೂ ಫಿಲ್ಟರ್‌ಗೂ ಸಂಬಂಧ ಇದೆಯಾ? ಮಾಡಿ ಗೊತ್ತಿರೋರು ಹೇಳಿ.

ಗ್ಯಾರೇಜ್ ಕೆಲಸದವರು: ಇರಬಹುದು ಸರ್. ಮೊದಲು ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ. ಅದು ಸರಿಯಿದ್ದರೆ ಫಿಲ್ಟರ್ ಕಡೆ ಬನ್ನಿ. ಡಬ್ಬಿಯೊಳಗೆ ಕಾಗದ ಮಾತ್ರ ಇರಲ್ಲ, ವಾಲ್ವ್‌ಗಳೂ ಇರ್ತವೆ. ಒಂದು, ಎಂಜಿನ್ ನಿಂತಾಗ ಆಯಿಲ್ ಕೆಳಗೆ ಇಳಿದುಹೋಗದಂತೆ ತಡೆಯೋ ರಬ್ಬರ್ ವಾಲ್ವ್. ಫಿಲ್ಟರ್ ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂರೋ ಕಾರುಗಳಲ್ಲಿ ಇದು ಗಟ್ಟಿಯಾಗಿ ಸೆಟೆದುಕೊಂಡರೆ ರಾತ್ರಿಯೆಲ್ಲಾ ಆಯಿಲ್ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿದಿರತ್ತೆ. ಬೆಳಿಗ್ಗೆ ಪಂಪ್ ಮೊದಲು ಖಾಲಿ ಫಿಲ್ಟರ್ ತುಂಬಿಸಿ, ಆಮೇಲೆ ಮೇಲಕ್ಕೆ ಕಳಿಸಬೇಕು. ಆ ಎರಡು ಮೂರು ಸೆಕೆಂಡಿನ ಸದ್ದು ಅದೇ. ಸಿಲಿಕೋನ್ ವಾಲ್ವ್ ಇರೋದು ತಗೊಳ್ಳಿ, ಬಿಸಿಗೆ ಮಾಮೂಲಿ ರಬ್ಬರ್‌ಗಿಂತ ಚೆನ್ನಾಗಿ ತಡೆಯತ್ತೆ. ಹೊಸದು ಹಾಕಿದ ಮೇಲೂ ಸದ್ದು ಬಂದರೆ ಟೈಮಿಂಗ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನ್ ಸಡಿಲವಾಗದಂತೆ ಒತ್ತಿ ಹಿಡಿಯೋ ಭಾಗ) ಪರೀಕ್ಷೆ ಮಾಡಿಸಿ.

ಇನ್ನೊಂದು ಬೈಪಾಸ್ ವಾಲ್ವ್. ಕೆಲವು ಕಾರುಗಳಲ್ಲಿ ಇದು ಫಿಲ್ಟರ್ ಬದಲು ಎಂಜಿನ್ ಬ್ಲಾಕ್‌ನಲ್ಲೇ ಇರತ್ತೆ. ಕಾಗದ ಕಟ್ಟಿಕೊಂಡರೆ ಅಥವಾ ಚಳಿಗೆ ಆಯಿಲ್ ಮಂದವಾಗಿದ್ದರೆ ಇದು ತೆರೆದು, ಸೋಸದ ಆಯಿಲನ್ನೇ ಎಂಜಿನ್‌ಗೆ ಬಿಡತ್ತೆ. ಬರಿದಾಗಿ ಓಡೋದಕ್ಕಿಂತ ಅದು ವಾಸಿ ಅಂತ. ‘ಒಂದು ಸಲ ಬಿಟ್ಟು ಬದಲಿಸಿದೆ, ಏನೂ ಆಗಲಿಲ್ಲ’ ಅನ್ನೋರಿಗೆ ಗೊತ್ತಾಗದೇ ಇರೋದು ಇಲ್ಲೇ. ಕಾರು ಎಂದಿನಂತೆ ಓಡತ್ತೆ, ದೀಪವೂ ಹತ್ತಲ್ಲ, ಸೋಸೋದು ಮಾತ್ರ ನಿಂತಿರತ್ತೆ. ಅದೂ ಅಲ್ಲದೆ ಹಳೇ ಫಿಲ್ಟರ್ ಬಿಟ್ಟರೆ ಅದರಲ್ಲಿರೋ ಇನ್ನೂರು, ಮುನ್ನೂರು ಎಂಎಲ್ ಕೊಳೆ ಆಯಿಲ್ ಹೊಸ ಮೂರು ಲೀಟರ್‌ಗೆ ಸೇರತ್ತೆ. ಪ್ರತಿ ಸಲವೂ ಬದಲಿಸಿ, ಅಷ್ಟೇ.

ಬಿಡಿಭಾಗದ ಅಂಗಡಿಯವರು: ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರ್ ತಾವೇ ತಯಾರಿಸುವುದಿಲ್ಲ, ಮಾನ್, ಮಾಹ್ಲೆ, ಬಾಷ್ ತರಹದ ತಯಾರಕರಿಂದ ತರಿಸಿ ತಮ್ಮ ಪೆಟ್ಟಿಗೆಗೆ ಹಾಕುತ್ತವೆ. ಆದ್ದರಿಂದ ಹೆಸರಿಗಿಂತ ಪಾರ್ಟ್ ನಂಬರ್ ಮುಖ್ಯ. ನೋಟ ಒಂದೇ ಇದೆಯೆಂದು ಕೊಳ್ಳಬೇಡಿ. ಚಿಕ್ಕ ಕಾರುಗಳಲ್ಲಿ ಎಂ20×1.5 (20 ಮಿ.ಮೀ. ವ್ಯಾಸ, ಸುತ್ತುಗಳ ಅಂತರ 1.5 ಮಿ.ಮೀ.) ಮತ್ತು ಮುಕ್ಕಾಲು ಇಂಚಿನ ಥ್ರೆಡ್ ಎರಡೂ ಬಳಕೆಯಲ್ಲಿವೆ. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ. ಎಂಜಿನ್‌ನಲ್ಲಿ ಫಿಲ್ಟರ್ ಕೂರುವ ಥ್ರೆಡ್ ಕೊಳವೆ ಆ ಅಳತೆಯದಾದರೆ ಅದಕ್ಕೆ 20ರ ಫಿಲ್ಟರ್ ಸಡಿಲವಾಗಿ ಕೂರುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಒತ್ತಡ ಏರಿದಾಗ ಕಳಚಿಕೊಂಡು ಆಯಿಲ್ ಎಲ್ಲ ಹೊರಗೆ ಸುರಿಯಬಹುದು.

‘10 ಮೈಕ್ರಾನ್‌ವರೆಗೆ ಸೋಸುತ್ತದೆ’ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಎಂಬ ಬರಹಕ್ಕೆ ಮರುಳಾಗಬೇಡಿ. ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಎಂದು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಆಯಿಲ್ ಫಿಲ್ಟರ್ ಎಷ್ಟು ಸೋಸುತ್ತದೆ ಎಂದು ಅಳೆಯುವ ಐಎಸ್‌ಒ 4548-12 ಪರೀಕ್ಷೆಯ ಫಲಿತಾಂಶ ಕೊಟ್ಟಿದ್ದರೆ ನಂಬಬಹುದು. ದೊಡ್ಡ ಡಬ್ಬಿ ಹಾಕಿದರೆ ಒಳ್ಳೆಯದಲ್ಲವೇ ಎಂದೂ ಕೇಳುತ್ತಾರೆ. ಬೈಪಾಸ್ ಒತ್ತಡ ಬೇರೆಯಿರಬಹುದು, ಸೈಲೆನ್ಸರ್ ಪೈಪಿಗೆ ತಗುಲಬಹುದು. ಬೇಡ.

ಮನೆಯಲ್ಲೇ ಬದಲಿಸುವವರು: ಎಂಜಿನ್ ಸ್ವಲ್ಪ ಬೆಚ್ಚಗಾಗಲಿ, ಕೈ ಸುಡುವಷ್ಟು ಬೇಡ. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕಬೇಡಿ, ಸ್ಟ್ಯಾಂಡ್ ಇಡಿ. ಹಳೇ ಫಿಲ್ಟರ್ ಬಿಚ್ಚಿದ ತಕ್ಷಣ ಅದರ ಬಾಯಿ ನೋಡಿ, ರಬ್ಬರ್ ರಿಂಗ್ ಅದರಲ್ಲೇ ಇದೆಯಾ ಅಂತ. ಎಂಜಿನ್‌ಗೆ ಅಂಟಿಕೊಂಡು ಉಳಿದಿದ್ದರೆ, ಅದರ ಮೇಲೆ ಹೊಸ ರಿಂಗ್ ಕೂತು ಎರಡೂ ಜಾರಿ ಸೋರತ್ತೆ. ಈ ಕೆಲಸದಲ್ಲಿ ನಾನು ಕಂಡಿರೋ ಸೋರಿಕೆಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಕೂರೋ ಜಾಗ ಬಟ್ಟೆಯಿಂದ ಒರೆಸಿ. ಹೊಸ ರಿಂಗ್‌ಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಒಣ ರಬ್ಬರ್ ತಿರುಗಿಸುವಾಗ ಮಡಚಿಕೊಳ್ಳತ್ತೆ.

ಬಿಗಿ ಮಾಡೋದು ಕೈಯಲ್ಲೇ. ರಿಂಗ್ ತಾಕಿದ ಮೇಲೆ ಸುಮಾರು ಮುಕ್ಕಾಲು ಸುತ್ತು. ಡಬ್ಬಿ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಪಾನಾ ಬಿಚ್ಚೋಕೆ ಮಾತ್ರ, ಹಾಕೋಕಲ್ಲ. ಅತಿ ಬಿಗಿ ಮಾಡಿದವರೇ ಮುಂದಿನ ಸಲ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸೋಕೆ ಹೋಗೋದು. ತಗಡು ಹರಿದು ಆಯಿಲ್ ಮೈಮೇಲೆ, ಫಿಲ್ಟರ್ ಅಲ್ಲೇ. ಬೆಲ್ಟ್ ಪಾನಾ ಒಂದು ತಗೊಂಡುಬಿಡಿ. ಹಳೇ ಆಯಿಲ್ ಇಳಿಸೋಕೆ ಬಿಚ್ಚಿದ ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಮರೀಬೇಡಿ.

ಆಯಿಲ್ ಹಾಕಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಆಫ್ ಮಾಡಿ, ಇಳಿದು ನೋಡಿ. ಆರಿದರೆ ಒಂದೆರಡು ನಿಮಿಷ ಓಡಿಸಿ, ಕೆಳಗೆ ಟಾರ್ಚ್ ಬಿಟ್ಟು ನೋಡಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ. ಫಿಲ್ಟರ್ ಕುಡಿದಷ್ಟು ಮಟ್ಟ ಇಳಿದಿರತ್ತೆ, ಅಷ್ಟು ತುಂಬಿ.

ಇನ್ನೊಬ್ಬರು: ಡಬ್ಬಿ ಬದಲು ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಸುರುಳಿ ಇರೋ ಕಾರಾದರೆ ಮುಕ್ಕಾಲು ಸುತ್ತಿನ ಲೆಕ್ಕ ನಡೆಯಲ್ಲ. ಮುಚ್ಚಳದ ಮೇಲೇ ಎಷ್ಟು ನ್ಯೂಟನ್ ಮೀಟರ್ (ಬಿಗಿ ಅಳೆಯೋ ಲೆಕ್ಕ) ಅಂತ ಅಚ್ಚಾಗಿರತ್ತೆ, ಹಲವದರಲ್ಲಿ 25. ಹೆಚ್ಚಾದರೆ ಬಿರುಕು ಬಿಡತ್ತೆ. ಮುಚ್ಚಳದ ರಬ್ಬರ್ ಒ-ರಿಂಗ್ ಹಳೆಯದು ಬೇಡ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಳೇ ನಂಬರ್ ನೋಡಿಕೊಂಡೆ, ಎಂ20ನೇ. ಹೊಸ ಆಯಿಲ್ ಬೇಗ ಕಪ್ಪಾದರೆ ಫಿಲ್ಟರ್ ಸರಿಯಿಲ್ಲ ಅಂತಾನಾ?

ಗ್ಯಾರೇಜ್ ಕೆಲಸದವರು: ಅಲ್ಲ ಸರ್. ಕಪ್ಪು ಮಾಡೋ ಮಸಿ ಫಿಲ್ಟರ್ ಕಾಗದಕ್ಕೆ ಸಿಗದಷ್ಟು ಸಣ್ಣದು, ಅದನ್ನು ಹಿಡಿದಿಟ್ಟುಕೊಳ್ಳೋದು ಆಯಿಲ್‌ನ ಕೆಲಸ. ಮ್ಯಾನುಯಲ್‌ನಲ್ಲಿರೋ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸಿ. ಎಂಜಿನ್ ಬಗ್ಗೆ ಅನುಮಾನ ಇದ್ದರೆ ಹಳೇ ಫಿಲ್ಟರ್ ರಾತ್ರಿಯೆಲ್ಲಾ ಬೋರಲು ಹಾಕಿ ಸೋರಿಸಿ, ಕತ್ತರಿಸಿ ಕಾಗದ ಬಿಡಿಸಿ ನೋಡಿ. ಒಂದೆರಡು ಚುಕ್ಕೆ ಇದ್ದರೆ ಚಿಂತೆಯಿಲ್ಲ. ಮಿನುಗೋ ಲೋಹದ ಚೂರುಗಳು ಕೈಗೆ ಸಿಕ್ಕರೆ ಆ ಕಾಗದ ಬಿಸಾಕದೆ ಮೆಕ್ಯಾನಿಕ್‌ಗೆ ತೋರಿಸಿ, ಅಲ್ಲಿವರೆಗೆ ದೂರ ಓಡಿಸಬೇಡಿ. ಹಳೇ ಆಯಿಲ್ ಮೋರಿಗೆ ಸುರೀಬೇಡಿ, ಕ್ಯಾನ್‌ಗೆ ಹಾಕಿ ಸಂಗ್ರಹಿಸೋರಿಗೆ ಕೊಡಿ.