ಊರಿನ ಅಂಗಡಿ, ಊರಿನ ತೋಟ, ಊರಿನ ಕಲೆ: ಮಾಡಿ ನೋಡಿದವರು ಹೇಳಿ

ಪ್ರಶ್ನೆ

ಹದಿನಾರು ವರ್ಷ ಬೆಂಗಳೂರಿನಲ್ಲಿದ್ದು, ಹೋದ ದೀಪಾವಳಿ ಹೊತ್ತಿಗೆ ಸಾಗರ ತಾಲ್ಲೂಕಿನ ನಮ್ಮ ಊರಿಗೆ ವಾಪಸ್ ಬಂದೆವು. ಕೆಲಸ ಮನೆಯಿಂದಲೇ ನಡೆಯುತ್ತದೆ. ವಾರಕ್ಕೆ ಮೂರು ಸಲ ನಮ್ಮ ಮನೆಗೆ ಕೊರಿಯರ್ ಬರುತ್ತದೆ. ಸೋಪು, ಬೇಳೆ, ಕೊನೆಗೆ ಮಿಡಿ ಉಪ್ಪಿನಕಾಯಿಯೂ ಅದರಲ್ಲೇ. ಬಸ್ ಸ್ಟಾಪಿನ ಅಂಗಡಿಯವರು ವ್ಯಾಪಾರ ಇಲ್ಲ ಅಂತ ಸಂಜೆ ಏಳಕ್ಕೇ ಬಾಗಿಲು ಹಾಕುತ್ತಾರೆ. ಇದನ್ನು ನೋಡಿ ಮನಸ್ಸಿಗೆ ಕಸಿವಿಸಿ ಆಗುತ್ತಿದೆ. ಅಂಗಡಿಯವರು, ರೈತರು, ಚಿತ್ತಾರ ಬರೆಯುವವರು, ಯಕ್ಷಗಾನ ಆಟದವರು, ಇವರಿಗೆ ನಿಜವಾಗಿ ಉಪಯೋಗ ಆಗುವ ಹಾಗೆ ಏನು ಮಾಡಬಹುದು? ಮಾಡಿ ನೋಡಿದವರ ಅನುಭವ ಬೇಕು.

ಹೆಗ್ಗೋಡಿನ ಕಡೆಯಿಂದ, ಅಡಿಕೆ ತೋಟದ ಮನೆಯವಳು

ನಾನೂ ನಿಮ್ಮ ಹಾಗೇ 9 ವರ್ಷದ ಹಿಂದೆ ಊರಿಗೆ ಬಂದವಳು. ಮೊದಲ ಎರಡು ವರ್ಷ ನಾನು ಮಾಡಿದ್ದು ಬರೀ ಕನಿಕರದ ವ್ಯಾಪಾರ. ಯಾರೋ ಹಪ್ಪಳ ಮಾಡಿದ್ದಾರೆ ಅಂದರೆ ಎರಡು ಕಟ್ಟು ತರುವುದು, ಅದರ ಫೋಟೋ ಸ್ಟೇಟಸ್ಸಿಗೆ ಹಾಕುವುದು, ಆಮೇಲೆ ಮರೆತುಬಿಡುವುದು. ಒಂದು ದಿನ ಪಕ್ಕದ ಕೇರಿಯ ಅಕ್ಕ ನೇರವಾಗಿ ಹೇಳಿದರು: "ನೀನು ತಗಳ್ಳೋದು ಖುಷಿಯೇ. ಆದ್ರೆ ಎಷ್ಟು ಬೇಕು ಅಂತ ಮೊದ್ಲೇ ಹೇಳಿದ್ರೆ ನಾನು ಅಷ್ಟು ಕಾಯಿ ಕೊಯ್ಸಬಹುದಲ್ಲ."

ಆ ಮಾತು ನನ್ನನ್ನು ತಿದ್ದಿತು. ಮಲೆನಾಡಿನಲ್ಲಿ ಯಾವುದನ್ನೂ ಬೇಕೆಂದಾಗ ಮಾಡಲು ಆಗುವುದಿಲ್ಲ, ಅಲ್ವಾ? ಸಂಕ್ರಾಂತಿ ಕಳೆದ ಮೇಲೆ ಕಬ್ಬಿನ ಆಲೆಮನೆ, ಆಗಲೇ ನೀರುನೀರಾದ ಜೋನಿ ಬೆಲ್ಲ. ಅದರ ಹಿಂದೆಯೇ ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿ. ಬೇಸಿಗೆಯ ಬಿಸಿಲಿಗೆ ಹಲಸಿನ ಹಪ್ಪಳ, ಜೊತೆಗೆ ಮುರುಗಲು (ಕೋಕಂ) ಸಿಪ್ಪೆ. ಮಳೆ ಹಿಡಿಯಿತೆಂದರೆ ಮುಗಿಯಿತು, ಒಣಗಿಸುವುದೆಲ್ಲಿ? ಜುಲೈನಲ್ಲಿ ಹೋಗಿ ಹಪ್ಪಳ ಇದೆಯಾ ಅಂತ ಕೇಳುವವರು ಅವರಿಗೆ ಏನೂ ಉಪಕಾರ ಮಾಡುವುದಿಲ್ಲ. ಫೆಬ್ರವರಿಯಲ್ಲೇ ಹೋಗಿ "ನಮ್ಮ ಮನೆಗೆ 300 ಹಪ್ಪಳ, ಬೆಂಗಳೂರಿನ ತಂಗಿಗೆ 200" ಎಂದು ಹೇಳಿ ಅರ್ಧ ದುಡ್ಡು ಕೈಗೆ ಕೊಟ್ಟರೆ, ಅವರು ಧೈರ್ಯವಾಗಿ ಆಳು ಕರೆಯುತ್ತಾರೆ, ಮೆಣಸು, ಜೀರಿಗೆ ತರುತ್ತಾರೆ. ನಾವೀಗ 11 ಮನೆಯವರು ಸೇರಿ ಹೀಗೆ ಮಾಡುತ್ತಿದ್ದೇವೆ. ಒಂದು ನೋಟ್‌ಬುಕ್ ಇದೆ, ಅದರಲ್ಲಿ ಯಾರಿಗೆ ಏನು ಬೇಕು ಅಂತ ಬರೆದುಕೊಳ್ಳುತ್ತೇವೆ. ಅಷ್ಟೇ. ಸಂಘ, ರಸೀದಿ, ಅಧ್ಯಕ್ಷರು ಏನೂ ಇಲ್ಲ.

ಮಿಡಿ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಅಪ್ಪೆಮಿಡಿ ಮರಗಳು ಹೊಳೆ ದಂಡೆಯಲ್ಲಿ, ಎತ್ತರದಲ್ಲಿ ಇರುತ್ತವೆ. ಅಡಿಕೆ ಕೊಯ್ಯುವ ಒಳ್ಳೆಯ ಕೊನೆಗಾರ ಮರ ಹತ್ತಿ, ತೊಟ್ಟು ಸಮೇತ ಬಿಡಿಸಿ, ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸುತ್ತಾನೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಜಾಡಿಯಲ್ಲಿ ಕೊಳೆಯುತ್ತದೆ. ಆದರೆ ರೇಟು ಏರಿದ ವರ್ಷ ಕೆಲವರು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಅವರ ಮಿಡಿ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಮರ ಮಾತ್ರ ಮುಂದಿನ ವರ್ಷಕ್ಕೆ ಇರುವುದಿಲ್ಲ. ಹೀಗೆ ಎಷ್ಟೋ ಒಳ್ಳೆಯ ತಳಿ ಹೋಗಿವೆ. ಹಾಗಾಗಿ ನಾವು ಕೊಯ್ಯುವವರನ್ನು ನೋಡಿ ಮಿಡಿ ತೆಗೆದುಕೊಳ್ಳುತ್ತೇವೆ. ದುಡ್ಡು ಜಾಸ್ತಿ ಕೊಡುತ್ತೇವೆ, ಚೌಕಾಶಿ ಮಾಡುವುದಿಲ್ಲ. ಅಷ್ಟು ಎತ್ತರ ಹತ್ತುವವರೂ ಈಗ ಕಡಿಮೆ.

ಚಿತ್ತಾರದ ಬಗ್ಗೆ ನನ್ನದೊಂದು ತಪ್ಪನ್ನು ಹೇಳಲೇಬೇಕು. ನಮ್ಮ ಮನೆಯ ಒಂದು ಕಾರ್ಯಕ್ಕೆ ಈ ಕಲೆಯನ್ನು ಉಳಿಸಿಕೊಂಡು ಬಂದ ದೀವರ ಸಮುದಾಯದ ಒಬ್ಬ ಹಿರಿಯರನ್ನು ಕರೆದು ಗೋಡೆಗೆ ಹಸೆ ಚಿತ್ತಾರ ಬರೆಸಿದೆ. ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಅರೆದು, ಪುಂಡಿ ನಾರಿನ ಕುಂಚ ಮಾಡಿಕೊಂಡು, ಅವರು ನಾಲ್ಕು ದಿನ ಕೂತು ಬರೆದರು. ಒಂದು ಗೆರೆಯೂ ಅಲುಗಲಿಲ್ಲ. ಕೊನೆಗೆ ನಾನು ಸೀರೆ, ತೆಂಗಿನಕಾಯಿ ಕೊಟ್ಟು ಕಳಿಸಿದೆ. ಗೌರವ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಅದೇ ಗೋಡೆಗೆ ಪೇಂಟ್ ಹೊಡೆದವನಿಗೆ ದಿನಗೂಲಿ ಲೆಕ್ಕ ಹಾಕಿ ಕೊಟ್ಟಿದ್ದೆ! ಇದು ತಲೆಗೆ ಹೊಕ್ಕಾಗ ಆರು ತಿಂಗಳಾಗಿತ್ತು. ಹೋಗಿ ಕ್ಷಮೆ ಕೇಳಿ ಕೂಲಿ ಕೊಟ್ಟು ಬಂದೆ. ಈಗ ಯಾರಾದರೂ ಚಿತ್ತಾರ ಬರೆಸಬೇಕು ಅಂದರೆ ಮೊದಲು ದಿನದ ಲೆಕ್ಕ ಮಾತಾಡಿ ಎನ್ನುತ್ತೇನೆ. ಭೂಮಿ ಹುಣ್ಣಿಮೆಗೆ ಅವರು ಗದ್ದೆ ಪೂಜೆಯ ಭೂಮಣ್ಣಿ ಬುಟ್ಟಿಗೆ ಬರೆಯುವುದು ಬೇರೆ. ಅದು ಅವರ ಮನೆಯ ಹಬ್ಬ, ಅದಕ್ಕೆ ಬೆಲೆ ಕಟ್ಟಬೇಡಿ, ಅಂಥ ಬುಟ್ಟಿಯನ್ನೇ ಕೊಡಿ ಅಂತ ಕೇಳಲೂಬೇಡಿ. ನಮಗೆ ಬೇಕಾದ್ದನ್ನು ಬೇರೆ ಬರೆಸಿಕೊಳ್ಳೋಣ.

ಇನ್ನೆರಡು ಮಾತು. ನಿಮ್ಮ ಹತ್ತಿರದಲ್ಲೇ ಭೀಮನಕೋಣೆಯಲ್ಲಿ ಚರಕ ಇದೆ. ಹೆಂಗಸರೇ ನಡೆಸುವ ಕೈಮಗ್ಗದ ಸಹಕಾರ ಸಂಘ. ನಾವು ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರನ್ನೇ ಅವರು ಬಟ್ಟೆಗೆ ಬಣ್ಣ ಮಾಡುತ್ತಾರೆ. ಕೈಯಲ್ಲಿ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ 2017ರಲ್ಲಿ ಚರಕವನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ ಅವರು ಉಪವಾಸ ಕೂತಿದ್ದು ನೆನಪಿರಬಹುದು. ವರ್ಷಕ್ಕೆ ಮನೆಯವರಿಗೆ ಎರಡೆರಡು ಜೊತೆ ಬಟ್ಟೆ ಅಲ್ಲೇ ತೆಗೆದುಕೊಳ್ಳುತ್ತೇವೆ. ಮತ್ತೆ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ. 1949ರಿಂದ ಇರುವ ಸಂಸ್ಥೆ ಮನೆ ಬಾಗಿಲಲ್ಲೇ ಇದೆ ಅಂತ ನಾವು ಪಾಸ್ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇವೆ. ಟಿಕೆಟ್ ತೆಗೆದುಕೊಂಡೇ ನಾಟಕಕ್ಕೆ ಹೋಗಿ, ಮಕ್ಕಳಿಗೂ ಟಿಕೆಟ್ ತೆಗೆಯಿರಿ.

ಶಿರಸಿ ಕಡೆಯಿಂದ, ಕಿರಾಣಿ ಅಂಗಡಿ ಮನೆಯವನು

ಅಪ್ಪ ಶುರು ಮಾಡಿದ ಅಂಗಡಿ, ಈಗ ನಾನು ನೋಡಿಕೊಳ್ಳುತ್ತೇನೆ. ಕೌಂಟರಿನ ಈಚೆಯಿಂದ ಕಾಣುವುದನ್ನು ಹೇಳುತ್ತೇನೆ.

ಜನ ತಿಂಗಳ ದೊಡ್ಡ ಸಾಮಾನನ್ನು ಪೇಟೆಯ ಮಾಲ್‌ನಿಂದ ನಗದು ಕೊಟ್ಟು ತರುತ್ತಾರೆ. ನಮ್ಮಲ್ಲಿಗೆ ಬರುವುದು ಬೆಂಕಿಪೊಟ್ಟಣ, ಅರ್ಧ ಕೇಜಿ ಸಕ್ಕರೆ, ಅದೂ ಉದ್ರಿ (ಸಾಲ). ಉದ್ರಿ ಕೊಡುವುದಕ್ಕೆ ನಮಗೆ ಬೇಜಾರಿಲ್ಲ. ಅಡಿಕೆ ಊರಿನಲ್ಲಿ ಅದು ಮೊದಲಿನಿಂದ ಇದೆ, ಅಡಿಕೆ ವ್ಯಾಪಾರ ಆದಾಗ ಬಾಕಿ ತೀರುತ್ತದೆ. ಆದರೆ ಹೋಲ್‌ಸೇಲಿನವರು ನಮಗೆ ಅಷ್ಟು ದಿನ ಕಾಯುವುದಿಲ್ಲ. ವಾರದೊಳಗೆ ದುಡ್ಡು ಕಟ್ಟಬೇಕು. ಹಾಗಾಗಿ ಕಪಾಟು ಖಾಲಿ, ಕಪಾಟು ಖಾಲಿ ಅಂತ ಗಿರಾಕಿ ಬರುವುದಿಲ್ಲ. ಸಂಜೆ ಏಳಕ್ಕೆ ಬಾಗಿಲು ಹಾಕುವುದು ಸೋಮಾರಿತನದಿಂದ ಅಲ್ಲ.

ನಿಮಗೆ ತಿಂಗಳ ಸಂಬಳ ಬರುತ್ತದಲ್ಲ, ನೀವು ಮಾಡಬಹುದಾದ ದೊಡ್ಡ ಸಹಾಯ ಇದು: 25ನೇ ತಾರೀಕಿಗೆ ಮುಂದಿನ ತಿಂಗಳ ಚೀಟಿ ಕೊಡಿ, ಸಾಮಾನು ಬಂದ ದಿನ ದುಡ್ಡು ಕೊಡಿ. ಇಂಥ ಐದಾರು ಮನೆ ಸಿಕ್ಕರೆ ನನ್ನ ತಿಂಗಳ ತಲೆನೋವು ಅರ್ಧ ಇಳಿಯುತ್ತದೆ. ನಮ್ಮಲ್ಲಿ ಇಲ್ಲದ್ದನ್ನು ಕೇಳಿ. ಓಟ್ಸ್ ಬೇಕು, ಆಲಿವ್ ಎಣ್ಣೆ ಬೇಕು ಅಂತ ಕೇಳುವುದಕ್ಕೇ ಜನ ನಾಚಿಕೆಪಡುತ್ತಾರೆ. ಕೇಳಿದರೆ ಮುಂದಿನ ಲೋಡಿನಲ್ಲಿ ತರಿಸುತ್ತೇವೆ. ಕೆಲವು ಸಾಮಾನಿಗೆ ಎರಡು ಮೂರು ರೂಪಾಯಿ ಜಾಸ್ತಿ ಆಗುತ್ತದೆ, ಅದು ನಿಜ. 2020ರ ಲಾಕ್‌ಡೌನಿನಲ್ಲಿ ಕೊರಿಯರ್ ನಿಂತಾಗ ಮನೆ ಮನೆಗೆ ಅಕ್ಕಿ, ಎಣ್ಣೆ ಮುಟ್ಟಿಸಿದ್ದು ನಮ್ಮಂಥ ಅಂಗಡಿಯವರೇ.

ಇನ್ನೊಂದು. ಊರಿನವರ ಉಪ್ಪಿನಕಾಯಿ, ಜೇನುತುಪ್ಪ ಮಾರುವುದಕ್ಕೆ ನಾನು ಒಂದು ಕಪಾಟು ಬಿಟ್ಟಿದ್ದೇನೆ. ಮೊದಲ ವರ್ಷ ಜಗಳವಾಯಿತು. ಮಾರಾಟ ಆಗದೇ ಉಳಿದದ್ದು ಯಾರ ಮೈಮೇಲೆ ಅಂತ ಮೊದಲೇ ಮಾತಾಡಿರಲಿಲ್ಲ. ಈಗ ಬಾಟಲಿ ಇಳಿಸುವಾಗಲೇ ಎಲ್ಲ ಬರೆದುಕೊಳ್ಳುತ್ತೇವೆ: ಎಷ್ಟು ದಿನ ಇಡುವುದು, ಉಳಿದರೆ ಯಾರು ವಾಪಸ್ ಒಯ್ಯುವುದು, ನನ್ನ ಪಾಲು ಎಷ್ಟು. ನೀವು ಓದಿದವರು, ಹೆಂಗಸರಿಗೆ ಆಹಾರ ಸುರಕ್ಷತೆಯ ನೋಂದಣಿ ಅರ್ಜಿ ತುಂಬಿಕೊಡಿ, ಚೀಟಿ ಅಂಟಿಸಲು ಸಹಾಯ ಮಾಡಿ. ಒಂದು ಸಂಜೆಯ ಕೆಲಸ. ಆ ನಂಬರ್ ಇದ್ದರೆ ಪೇಟೆ ಅಂಗಡಿಯವರೂ ಬಾಟಲಿ ಇಟ್ಟುಕೊಳ್ಳುತ್ತಾರೆ.

ಬಾಗಲಕೋಟೆ ಜಿಲ್ಲೆಯಿಂದ, ನೇಕಾರರ ಮನೆಯವಳು

ಮಲೆನಾಡಿನ ಮಾತು ನಡೆಯುತ್ತಿದೆ, ಆದರೂ ಹೇಳಬೇಕು ಅನ್ನಿಸಿತು. ನಮ್ಮ ಕಡೆ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಇಳಕಲ್ ಸೀರೆ. ಕಾರಿನಲ್ಲಿ ಬರುತ್ತಾರೆ, ಮಗ್ಗದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ಚೆಂದ ಐತಿ ಅಂತಾರೆ. ಆಮೇಲೆ ಮನೆಗೆ ಹೋಗಿ ಅರ್ಧ ಬೆಲೆಗೆ ಪವರ್‌ಲೂಮ್ ಸೀರೆ ತರಿಸುತ್ತಾರೆ. ಹೆಸರು ಅದಕ್ಕೂ ಇಳಕಲ್ ಅಂತಲೇ.

ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಇದೇ ಕೆಲಸ. ನಮ್ಮವ್ವ ಕಣ್ಣು ಮಂಜಾಗುವವರೆಗೂ ಇದನ್ನು ಮಾಡಿದಳು. ಬೆಲೆ ಕೇಳಿ ಮುಖ ಸಿಂಡರಿಸುವ ಮೊದಲು ಈ ಕೊಂಡಿ ಹಾಕುವುದನ್ನು ಹತ್ತು ನಿಮಿಷ ಕೂತು ನೋಡಿ.

ಮನೆಯಲ್ಲಿ ಮದುವೆ ಇದ್ದರೆ ಮೂರು ನಾಲ್ಕು ತಿಂಗಳು ಮೊದಲೇ ಹೇಳಿ, ನೂಲಿನ ದುಡ್ಡು ಮುಂಗಡ ಕೊಡಿ. ನೂಲಿಗೆ ಸಾಲ ಮಾಡದೇ ನೇಯುವ ಸೀರೆಯಲ್ಲಿ ನಮಗೆ ಉಳಿಯುವುದು ಕೂಲಿಯಷ್ಟೇ ಅಲ್ಲ, ನಿದ್ದೆಯೂ ಉಳಿಯುತ್ತದೆ.

ಕುಂದಾಪುರದ ಕಡೆಯಿಂದ

ಆಟದವರ ಬಗ್ಗೆ ಕೇಳಿದಿರಿ. ದೊಡ್ಡ ದೇವಸ್ಥಾನದ ಯಕ್ಷಗಾನ ಮೇಳಗಳಿಗೆ ಹರಕೆ ಆಟ ಸಾಲಾಗಿ ಇರುತ್ತವೆ, ಅವರಿಗೆ ನಮ್ಮ ಚಿಂತೆ ಬೇಡ. ಕಷ್ಟ ಮಳೆಗಾಲದಲ್ಲಿ. ಮೇಳ ತಿರುಗಾಟ ಮುಗಿಸಿದ ಮೇಲೆ ಕಲಾವಿದರಿಗೆ ಐದಾರು ತಿಂಗಳು ಸಂಬಳವಿಲ್ಲ. ಆಗ ಚಿಕ್ಕಮೇಳ ಮಾಡಿಕೊಂಡು ಸಂಜೆ ಮೇಲೆ ಮನೆ ಮನೆಗೆ ಬರುತ್ತಾರೆ. ಎರಡು ವೇಷ, ಭಾಗವತರು, ಮದ್ದಲೆ, ಹತ್ತು ಹದಿನೈದು ನಿಮಿಷದ ಆಟ. ಈಗ ಎಷ್ಟೋ ಮನೆಯವರು ಗೇಟು ತೆಗೆಯುವುದೇ ಇಲ್ಲ. ನಿಮ್ಮ ಕಡೆ ಬಂದರೆ ದೀಪ ಹಚ್ಚಿ ಒಳಗೆ ಕರೆಯಿರಿ, ಅಕ್ಕಿ ಕಾಯಿಯ ಜೊತೆ ಕೈಗೆ ಸರಿಯಾದ ದುಡ್ಡು ಕೊಡಿ. ಬರದಿದ್ದರೆ ಮನೆ ಜಗಲಿಯಲ್ಲೇ ತಾಳಮದ್ದಲೆ ಇಡಿಸಿ, ಅದು ಕೂತು ಹಾಡು, ಮಾತಿನಲ್ಲೇ ನಡೆಸುವ ಪ್ರಸಂಗ. ವೇಷ, ರಂಗಸ್ಥಳ ಬೇಡ, ಖರ್ಚು ಕಡಿಮೆ. ಸಂಭಾವನೆ ಎಷ್ಟು ಅಂತ ಕರೆಯುವಾಗಲೇ ಹೇಳಿಬಿಡಿ. ಕೊನೆಗೆ ಕವರಿನಲ್ಲಿ ಎಷ್ಟಿದೆಯೋ ಎಂದು ಅವರು ಬಸ್ಸಿನಲ್ಲಿ ತೆರೆದು ನೋಡುವ ಹಾಗೆ ಆಗಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಳೆಯೇ ಬಸ್ ಸ್ಟಾಪಿನ ಅಂಗಡಿಗೆ ಚೀಟಿ ಕೊಡುತ್ತೇನೆ. ಒಂದು ಸಂಕಟ ಮಾತ್ರ ಉಳಿದಿದೆ. ಊರಿನವರು ಮಾಡಿದ್ದು ಚೆನ್ನಾಗಿಲ್ಲದಿದ್ದರೆ ಏನು ಮಾಡುವುದು? ಹೋದ ತಿಂಗಳು ತಂದ ಉಪ್ಪಿನಕಾಯಿ ಬೂಸ್ಟು ಹಿಡಿಯಿತು. ಸುಮ್ನೆ ಚೆಲ್ಲಿದೆ. ಹೇಳಲು ಬಾಯಿ ಬರಲಿಲ್ಲ.

ಹೆಗ್ಗೋಡಿನ ಕಡೆಯಿಂದ, ಅಡಿಕೆ ತೋಟದ ಮನೆಯವಳು

ಹೇಳಿ. ಇವತ್ತೇ ಹೋಗಿ ಹೇಳಿ. ನಾಲ್ಕು ಜನರ ಎದುರು ಬೇಡ, ಅವರ ಅಡುಗೆ ಮನೆಯಲ್ಲಿ ಕೂತು ಹೇಳಿ. ನೀವು ಸುಮ್ಮನಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ, ಮುಂದಿನ ಸಲ ನೀವು ತೆಗೆದುಕೊಳ್ಳುವುದೂ ಇಲ್ಲ. ನಮ್ಮ 11 ಮನೆಯಲ್ಲೂ ಒಮ್ಮೆ ಹೀಗಾಗಿತ್ತು. ಹೋಗಿ ನೋಡಿದರೆ ಮಿಡಿ ಉಪ್ಪಿನಲ್ಲಿ ಪೂರ್ತಿ ಚಿರುಟುವ ಮೊದಲೇ ಖಾರ ಬೆರೆಸಿದ್ದರು, ಯಾರೋ ಬೇಗ ಬೇಕು ಅಂತ ಅವಸರ ಮಾಡಿದ್ದಕ್ಕೆ. ಅವಸರ ಮಾಡಿದ್ದು ನಮ್ಮಲ್ಲೇ ಒಬ್ಬರು. ಮುಂದಿನ ವರ್ಷ ಉಪ್ಪಿನಕಾಯಿ ಹಾಕುವವರಿಗೆ ಒಂದು ತಿಂಗಳು ಜಾಸ್ತಿ ಸಮಯ ಕೊಟ್ಟೆವು. ಆ ಜಾಡಿಯ ಮಿಡಿಯನ್ನು ಈಗಲೂ ಊಟಕ್ಕೆ ಹಾಕಿಕೊಳ್ಳುತ್ತಿದ್ದೇವೆ.