ಕೃಷಿಹೊಂಡದ ಅಕ್ಷಾಂಶ-ರೇಖಾಂಶ ತಪ್ಪಾಗ್ಯಾವ, ಬಲ್ಲವರು ಹೇಳ್ರಿ

ಕುಂದಗೋಳದಿಂದ: ನಮ್ಮ ಸುತ್ತಲಿನ 40 ಕೃಷಿಹೊಂಡ ನಕಾಶೆ ಮ್ಯಾಲ ಗುರುತು ಮಾಡಬೇಕಾಗೇದ. ಮೂರು ಮಂದಿ ತಮ್ಮ ತಮ್ಮ ಮೊಬೈಲ್‌ನ್ಯಾಗ ರೀಡಿಂಗ್ ತಂದಾರ. ಕ್ಯೂಜಿಐಎಸ್ ಅನ್ನೋ ನಕಾಶೆ ಸಾಫ್ಟ್‌ವೇರ್‌ಗೆ ಹಾಕಿದ್ರ ಕೆಲವು ಸರಿಯಾಗಿ ಕುಂತಾವ, ಕೆಲವು ಹತ್ತು-ಹನ್ನೊಂದು ಕಿಲೋಮೀಟರ್ ದಕ್ಷಿಣಕ್ಕ ಹೋಗ್ಯಾವ, ಎಂಟು ಕಾಣವಲ್ವು. ಸರ್ವೇ ಆಫ್ ಇಂಡಿಯಾದ ಹಳೇ ಟೋಪೋ ಶೀಟಿಗೆ (ಅಚ್ಚಾದ ನಕಾಶೆ ಹಾಳಿಗೆ) ತಾಳೆ ನೋಡಬಹುದೇನ್ರಿ?

ಧಾರವಾಡದಿಂದ: ದಕ್ಷಿಣಕ್ಕ ಹೋದವು ಡಿಗ್ರಿ-ಮಿನಿಟ್-ಸೆಕೆಂಡಿನವು. 15°14′30″ ಅಂದ್ರ 14ನ್ನ 60ರಿಂದ, 30ನ್ನ 3600ರಿಂದ ಭಾಗಿಸಿ ಕೂಡಿಸಬೇಕು: 15.24167. ಅದನ್ನ ಹಾಂಗ 15.1430 ಅಂತ ಹೊಡೆದ್ರ ಸುಮಾರು 10.9 ಕಿಲೋಮೀಟರ್ ತೆಳಗ ಬೀಳತದ. ಒಬ್ಬರ ಪಟ್ಟಿಯೊಳಗ ಪಾಯಿಂಟ್ ನಂತರದ ಮೂರು-ನಾಲ್ಕನೇ ಅಂಕಿ ಎಲ್ಲೂ 59 ದಾಟಿಲ್ಲಂದ್ರ ಅವರದ ಈ ನಮೂನಿ.

ಕಾಣದ ಎಂಟನ್ನ ಹುಡುಕಾಕ ‘ಜೂಮ್ ಟು ಲೇಯರ್’ ಒತ್ರಿ. ನಾರ್ವೆಯ ಉತ್ತರದ ಸಮುದ್ರದಾಗ ಸಿಗತಾವ, ಅಂದ್ರ ಅಕ್ಷಾಂಶ-ರೇಖಾಂಶ ಅದಲುಬದಲಾಗ್ಯಾವ. ಮೊಬೈಲ್ ಅಕ್ಷಾಂಶ ಮೊದಲು ಕೊಡತದ, ಕ್ಯೂಜಿಐಎಸ್‌ನ ಎಕ್ಸ್‌ಗೆ ರೇಖಾಂಶ (75.…), ವೈಗೆ ಅಕ್ಷಾಂಶ (15.…) ಬೇಕು. ಎಕ್ಸೆಲ್ ಎರಡೇ ದಶಮಾಂಶ ಉಳಿಸಿತೇನು ಅದನ್ನೂ ನೋಡ್ರಿ: ಎರಡನೇ ಅಂಕಿ 1.1 ಕಿಲೋಮೀಟರ್, ಐದನೇದು 1.1 ಮೀಟರ್. ಐದು ಇಡ್ರಿ, ಎಂಟು ಬರೆದ್ರ ಮೊಬೈಲ್‌ನ ನಿಖರತೆ ಹೆಚ್ಚಾಗೂದಿಲ್ಲ.

ಗದಗದಿಂದ: ಅಳತೆ, ವಿಸ್ತೀರ್ಣ ಬೇಕಾದರೆ ಯುಟಿಎಂಗೆ (ಡಿಗ್ರಿ ಬದಲು ಮೀಟರಿನಲ್ಲಿ ಜಾಗ ಹೇಳುವ ಚೌಕಳಿ ಪದ್ಧತಿ) ಬದಲಿಸಿರಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲವೂ ವಲಯ 43. ಅದು 72°ಯಿಂದ 78° ಪೂರ್ವದವರೆಗೆ. ಆದರೆ ಕೋಲಾರ ಊರು 44ಕ್ಕೆ ಹೋಗುತ್ತದೆ. ನಡುರೇಖೆ 75°, ಧಾರವಾಡದ ಮಗ್ಗುಲಲ್ಲೇ ಹಾಯುತ್ತದೆ, ಅಲ್ಲಿ ಈಸ್ಟಿಂಗ್ (ಪೂರ್ವ-ಪಶ್ಚಿಮದ ಅಂಕಿ) 5,00,000 ಮೀಟರ್. ಕುಂದಗೋಳದಲ್ಲಿ ಈಸ್ಟಿಂಗ್ 5,26,800, ನಾರ್ದಿಂಗ್ (ಉತ್ತರ-ದಕ್ಷಿಣದ ಅಂಕಿ) 16,86,000ರ ಆಸುಪಾಸು ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ.

ಬದಲಿಸುವಾಗ ‘ಸೇವ್ ಫೀಚರ್ಸ್ ಆ್ಯಸ್’ನಲ್ಲಿ ಇಪಿಎಸ್‌ಜಿ 32643 (ಯುಟಿಎಂ ‘43 ಎನ್’ನ ಸಂಕೇತ ಸಂಖ್ಯೆ) ಆರಿಸಿ. ‘ಸೆಟ್ ಲೇಯರ್ ಸಿಆರ್‌ಎಸ್’ ಪದ್ಧತಿಯ ಹೆಸರನ್ನಷ್ಟೇ ಬದಲಿಸುತ್ತದೆ, ಅಂಕಿ ಹಳೆಯದೇ ಉಳಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ. ‘43 ಎನ್’ನ ಎನ್ ಉತ್ತರಾರ್ಧ ಗೋಳ. ಎಂಜಿಆರ್‌ಎಸ್‌ನಲ್ಲಿ (ಸೈನ್ಯದ ಚೌಕಳಿ ಪದ್ಧತಿ) ನಮ್ಮ ಅಕ್ಷಾಂಶ ಪಟ್ಟಿಯ ಅಕ್ಷರ ಪಿ, ಅಂದರೆ 43 ಪಿ. ಆ ಎನ್ ಅನ್ನು ಪಟ್ಟಿಯ ಅಕ್ಷರ ಅಂದುಕೊಂಡರೆ ಜಾಗ ಉತ್ತರ ಅಕ್ಷಾಂಶ 8°ಯ ಕೆಳಗೆ ಹೋಗುತ್ತದೆ.

ಟೇಪು ಹಿಡಿದು ಅಳೆದ 100 ಮೀಟರ್ ಗ್ರಿಡ್‌ನಲ್ಲಿ 4 ಸೆಂಟಿಮೀಟರ್ ಕಡಿಮೆ ಕಾಣುತ್ತದೆ. ಅದು ತಪ್ಪಲ್ಲ, ನಡುರೇಖೆಯ ಮೇಲೆ ಯುಟಿಎಂನ ಅಳತೆ ಗುಣಕ 0.9996. ಹೊಂಡಕ್ಕೆ ಅಡ್ಡಿಯಿಲ್ಲ, ಬಾಂದು ಕಲ್ಲಿನ ತಕರಾರಿಗೆ ಈ ಲೆಕ್ಕ ಬಿಡಬಾರದು.

ಹಾವೇರಿಯಿಂದ: ಟೋಪೋ ಶೀಟಿನ ಮಾತು. ಕುಂದಗೋಳ ಊರು ಹೆಚ್ಚೂಕಡಿಮೆ 15°15′, 75°15′ ಕೂಡುವಲ್ಲೇ ಇದೆ. 1:50,000ದ ಒಂದು ಶೀಟು 15 ಮಿನಿಟಿನದು, ಹಾಗಾಗಿ ನಿಮಗೆ 48 ಎಂ/3, 4, 7, 8 ನಾಲ್ಕೂ ಬೇಕಾಗುತ್ತವೆ. ಹಳೆಯವು ಎವರೆಸ್ಟ್ ಡೇಟಮ್‌ನವು (ಡೇಟಮ್ ಅಂದರೆ ಅಕ್ಷಾಂಶ-ರೇಖಾಂಶ ಅಳೆಯಲು ಹಿಡಿದ ಭೂಮಿಯ ಆಕಾರದ ಆಧಾರ), ಮೊಬೈಲ್ ಡಬ್ಲ್ಯುಜಿಎಸ್ 84. ಅದನ್ನು ಇದೇ ಅಂದುಕೊಂಡು ಕೂಡಿಸಿದರೆ ನೂರು ಮೀಟರ್‌ಗೂ ಮೀರಿ ಸರಿಯುತ್ತದೆ; ಹೊಂಡ ಪಕ್ಕದ ಹೊಲಕ್ಕೆ ಹೋಗಲು ಅಷ್ಟು ಸಾಕು. 2005ರ ನಕ್ಷೆ ನೀತಿಯ ನಂತರದ ಓಪನ್ ಸೀರೀಸ್ ಶೀಟು ಡಬ್ಲ್ಯುಜಿಎಸ್ 84, ಯುಟಿಎಂನಲ್ಲೇ ಇದೆ. ಅದಕ್ಕೆ ತಾಳೆ ನೋಡಿ.

ಧಾರವಾಡದಿಂದ: ಒಂದು ಬಿಟ್ಟಿದ್ದೆ. ಮೂರೂ ಮಂದಿ ಹೊಂಡದ ಒಂದೇ ಮೂಲಿಗೆ ನಿಂದರಬೇಕು, ಈಶಾನ್ಯ ಅಂದ್ರ ಎಲ್ಲಾ ಕಡೆ ಈಶಾನ್ಯ. ಬೇವಿನ ಗಿಡದ ಕೆಳಗ ಬ್ಯಾಡ. ಆ್ಯಪ್‌ನ್ಯಾಗ ನಿಖರತೆ 5 ಮೀಟರ್‌ಗೆ ಇಳಿಯೂತನ ಕಾಯ್ರಿ. ರೀಡಿಂಗ್ ಬಾಜೂಕ ಯಾವ ನಮೂನಿ, ಯಾವ ಡೇಟಮ್, ಯಾವ ಮೂಲಿ ಅಂತ ಅಲ್ಲೇ ನಿಂತು ಬರೀರಿ.