ಅಪ್‌ಡೇಟ್: ಕುದುರೆಯ ಕಾಲಿನ ಗಾಯ ಮಾಯತೊಡಗಿದೆ

ನಮ್ಮ ಹೆಣ್ಣು ಕುದುರೆಯ ಹಿಂಗಾಲಿಗೆ ತಂತಿ ತಗುಲಿ ಆದ ಸಣ್ಣ ಗಾಯ ಐದು ವಾರವಾದರೂ ಮಾಯುತ್ತಿಲ್ಲವೆಂದು ಕಾರವಾರದಿಂದ ಕೇಳಿದ್ದೆ. ಪಶುವೈದ್ಯರನ್ನು ಕರೆಸಿ ಎಂದು ಒತ್ತಿ ಹೇಳಿದವರಿಗೆಲ್ಲ ಮನಸಾರೆ ಕೃತಜ್ಞತೆಗಳು.

ತಪ್ಪು ನನ್ನದೇ. ದಿನಕ್ಕೆರಡು ಬಾರಿ ರೋಗಾಣು ಕೊಲ್ಲುವ ದ್ರಾವಣವಾದ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುತ್ತಿದ್ದೆ. ಅದು ಹೊಸದಾಗಿ ಹುಟ್ಟುವ ಜೀವಕೋಶಗಳನ್ನೂ ಕೊಲ್ಲುತ್ತದೆ. ಮೇಲಾಗಿ ಕುದುರೆಯ ಕಾಲಿನ ಕೆಳಭಾಗದಲ್ಲಿ ಸ್ನಾಯುವಿಲ್ಲ, ಚರ್ಮ ಬಿಗಿ, ಹೆಜ್ಜೆ ಹೆಜ್ಜೆಗೂ ಗಾಯ ಎಳೆಯುತ್ತದೆ. ಹೀಗಾಗಿ ಕೆಂಪು ಮಾಂಸ ಅಂಚಿಗಿಂತ ಮೇಲೆ ಉಬ್ಬಿ, ಚರ್ಮ ಅದನ್ನು ದಾಟಲಾಗದೆ ನಿಂತಿತ್ತು. ವೈದ್ಯರು ಉಬ್ಬನ್ನು ಕತ್ತರಿಸಿ ಸಮ ಮಾಡಿದರು. ರಕ್ತ ಧಾರಾಳವಾಗಿ ಹರಿಯಿತು, ನನ್ನ ಕೈ ನಡುಗಿತು. ಆ ಮಾಂಸದಲ್ಲಿ ನರಗಳಿಲ್ಲದ ಕಾರಣ ಅವಳು ಮಾತ್ರ ಹುಲ್ಲು ಮೆಲ್ಲುತ್ತಲೇ ಇದ್ದಳು! ಧನುರ್ವಾಯುವಿನ ಚುಚ್ಚುಮದ್ದೂ ಆಯಿತು.

ಈಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆಯುತ್ತೇನೆ. ಕಡಲಲ್ಲಿ ನಿಲ್ಲಿಸಿ ಎಂದು ಒಬ್ಬರು ಸೂಚಿಸಿದ್ದರು. ಕಡಲ ನೀರಿನಲ್ಲಿ ಉಪ್ಪು ಇದರ ನಾಲ್ಕು ಪಟ್ಟು ಹತ್ತಿರ, ಜೊತೆಗೆ ಮರಳು. ಆದ್ದರಿಂದ ಬಿಟ್ಟೆ. ಮಳೆಗಾಲದ ಕೆಸರು, ನೊಣ ತಾಗದಂತೆ ಪಟ್ಟಿ ಕಟ್ಟಿ, ಲಾಯದ ನೆಲವನ್ನು ಒಣದಾಗಿಟ್ಟಿದ್ದೇನೆ.

ನಿನ್ನೆ ಪಟ್ಟಿ ಬಿಚ್ಚಿದಾಗ ಗಾಯದ ಸುತ್ತ ಅಕ್ಕಿಕಾಳಿನಷ್ಟು ಅಗಲದ ತಿಳಿಗುಲಾಬಿ ಚರ್ಮ ಕಂಡಿತು. ಮುಂದಿನ ವಾರ ವೈದ್ಯರು ಮತ್ತೆ ಬರುತ್ತಾರೆ.